ಪಿಕ್ ಅಪ್

ಶ್ರೀರಾಮಪುರ, ಭಾನುವಾರ ಸಂಜೆ ನಾಲ್ಕು,
ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ
ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಒಂದಕ್ಕೆ ಕಾಲು ಕುಂಟು.
ಬೋರ್ಡಿನ ಮೇಲೆ ಬರೆದೆ: ಪಿಕ್ ಅಪ್.

'ಇದು ಗೊತ್ತು ಮಿಸ್' ಅಂದ
ಸ್ಕೂಲ್ ವ್ಯಾನಿನ ಜಬೀವುಲ್ಲಾ,
'ಮಕ್ಕಳನ್ನ ಮನೆಬಾಗಿಲಲ್ಲಿ ಹತ್ತಿಸ್ಕೊಳ್ಳೋದು.
ಆರೂವರೆಗೆ ಓಕಳೀಪುರ, ಫಸ್ಟ್ ಪಿಕಪ್ಪು.'
'ಅಲ್ಲ, ಅದು ಗಾಡೀಲಿರೋದು,' ಗ್ಯಾರೇಜಿನ ದಿಲೀಪ,
'ಮಲ್ಲೇಶ್ವರದ ಏರಲ್ಲಿ ಉಸಿರು ಕಟ್ಟಿದ್ರೆ
ಪಿಕಪ್ ಇಲ್ಲ ಅಂತ. ಕಾರ್ಬುರೇಟರ್ ಬಿಚ್ಚಬೇಕು.'
ಗಾರ್ಮೆಂಟ್ಸಿನ ಶಶಿರೇಖಾ, ಮೆಲ್ಲಗೆ:
'ಫೋನು. ನಾಕು ತಿಂಗಳಿಂದ ಅವರು ಪಿಕ್ ಮಾಡ್ತಿಲ್ಲ.'
ಯಾರು ಅಂತ ನಾನು ಕೇಳಲಿಲ್ಲ.

ನನ್ನ ನಿಘಂಟಿನಲ್ಲಿ ಹದಿನೇಳು ಅರ್ಥ.
ಗಾಳಿ ಜೋರಾಗುವುದು. ವ್ಯಾಪಾರ ಕುದುರುವುದು.
ನೆಗಡಿ ಅಂಟುವುದು.
ಪೊಲೀಸರು ಜೀಪಿಗೆ ಹಾಕಿಕೊಂಡು ಹೋಗುವುದು;
'ಉದಾಹರಣೆಗೆ ನಮ್ಮಣ್ಣ' ಅಂದ ದಿಲೀಪ,
ಎಲ್ಲರೂ ನಕ್ಕರು, ಅವನೂ.
ಮತ್ತೆ, ಪಾಠವಿಲ್ಲದೆ, ಬರೀ ಕಿವಿಯಿಂದ
ಭಾಷೆ ಬಾಯಿಗೆ ಬರುವುದು.
ತಮಿಳು, ತೆಲುಗು, ಉರ್ದು ಮೂರನ್ನೂ
ನಲ್ಲಿ ಕ್ಯೂನಲ್ಲೇ ಕಲಿತವರು
ಇಲ್ಲಿ ನಾನೂರು ರೂಪಾಯಿ ಕಟ್ಟಿ
ಒಂದರ ಮುಂದೆ ಕೈಕಟ್ಟಿ ಕೂತಿದ್ದಾರೆ.

ನಮ್ಮಲ್ಲಾದರೆ ಎತ್ತು. ಅಷ್ಟೇ.
'ಮೇಲೆ' ಅನ್ನುವುದು ಅದರ ಹೊಟ್ಟೆಯಲ್ಲೇ ಇದೆ,
ಹಿಂದೆ ಬಾಲ ಕಟ್ಟಬೇಕಿಲ್ಲ.
ಮಗು ಎತ್ತು, ದನಿ ಎತ್ತು,
ಚೀಟಿ ಎತ್ತಿ ಮಗಳ ಫೀಸು ಕಟ್ಟು,
ಹಳೇ ಮಾತು ಎತ್ತಬೇಡ.
ಕೈ ಎತ್ತಿದರೆ ಏಟು,
ಕೈ ಎತ್ತಿಬಿಟ್ಟರೆ ಸೋಲು.
ಎರಡರ ನಡುವೆ ಒಂದು 'ಬಿಟ್ಟು'.
ಇದನ್ನು ಯಾರೂ ನಮಗೆ ಬೋರ್ಡಿನ ಮೇಲೆ ಬರೆದು ಕಲಿಸಲಿಲ್ಲ.

ಆಮೇಲೆ ತಂಟೆಯ ನಿಯಮಕ್ಕೆ ಬಂದೆ:
'ಪಿಕ್ ಅಪ್ ಇಟ್' ತಪ್ಪು. 'ಪಿಕ್ ಇಟ್ ಅಪ್.'
ಯಾಕೆ ಮಿಸ್?
ಯಾಕೆ ಅಂತ ನನಗೂ ಗೊತ್ತಿಲ್ಲ.
ಕಿಟಕಿಯಾಚೆ ಒಂದು ಸ್ಕೂಟರ್ ನಿಂತಿತ್ತು,
ಮುಂದೆ ಅಪ್ಪ, ಹಿಂದೆ ಅಮ್ಮ,
ನಡುವೆ ಒತ್ತಿ ಕೂತ ಉಣ್ಣೆ ಟೋಪಿಯ ಕೂಸು.
'ಹಾಗೆ' ಅಂದೆ. 'ಇಟ್ ಚಿಕ್ಕದು, ಹಿಂದೆ ಕೂರಿಸಿದರೆ ಬೀಳುತ್ತೆ.'
ಬರೆದುಕೊಂಡರು.

ಈಗ ಒಂದೊಂದು ವಾಕ್ಯ ಹೇಳಿ.
ಓಬಳಮ್ಮ ಎದ್ದು ನಿಂತಳು. ಬೀದಿ ಗುಡಿಸುವವಳು,
ಸ್ನಾನ ಮಾಡಿ, ಕೊಬ್ಬರಿ ಎಣ್ಣೆ ಹಚ್ಚಿ, ಹಸಿರು ಕೋಟು ಮನೆಯಲ್ಲಿಟ್ಟು ಬರುತ್ತಾಳೆ.
'ಐ ಪಿಕ್ ಅಪ್' ಅಂದಳು. ಕೂತಳು.
ಮುಗೀಲಿಲ್ಲ ಓಬಳಮ್ಮ, ಏನನ್ನ? ಕರ್ಮಪದ ಬೇಕು.
'ಎಲ್ಲಾನೂವೆ' ಅಂದಳು.
'ಬಾಟ್ಲಿ, ಸತ್ತಿಲಿ, ಚೌಟ್ರಿ ಎಂಜಲೆಲೆ,
ಒಂಟಿ ಚಪ್ಲಿ. ಯಾವತ್ತೂ ಒಂಟೀನೇ ಸಿಗೋದು ಮಿಸ್,
ಇನ್ನೊಂದು ಎಲ್ಲಿ ಹೋಗ್ತದೋ.
ಇಂಗ್ಲಿಷೂ ಅಲ್ಲೇ.'
ಅಲ್ಲೇ ಅಂದರೆ?
'ರಟ್ಟಿನ ಡಬ್ಬದ ಮೇಲೆ ಇರ್ತದಲ್ಲ,
ಕೀಪ್ ಡ್ರೈ. ದಿಸ್ ಸೈಡ್ ಅಪ್.
ಬಾಣದ ಗುರುತು ನೋಡ್ಕಂಡು ಅಪ್ ಅಂದ್ರೆ ಮೇಲೆ ಅಂತ ತಿಳಕಂಡೆ.
ಮಳೇಲಿ ನೆಂದ ಡಬ್ಬಾನೇ ಜಾಸ್ತಿ ಓದಿದ್ದೀನಿ.'

ನಾನು ನಿಘಂಟು ಮುಚ್ಚಿದೆ.
ಒಂದನೇ ಅರ್ಥ, ಒಂಬತ್ತನೇ ಅರ್ಥ
ಅಂತ ಗೆರೆ ಎಳೆದವರು ಯಾರೋ,
ಬೆಳಗಿನ ಐದೂವರೆಗೆ ಎದ್ದವರಿರಲಿಕ್ಕಿಲ್ಲ.

ಅಷ್ಟರಲ್ಲಿ ಕುಂಟು ಕುರ್ಚಿಯ ಮೇಲೆ
ಶಶಿರೇಖಾಳ ಫೋನು ನಡುಗಿತು.
ಹೆಸರು ನೋಡಿದಳು. ನಾವು ಅವಳನ್ನು ನೋಡಿದೆವು.
ನಡುಗುತ್ತ ನಡುಗುತ್ತ ಅದು ಅಂಚಿನವರೆಗೆ ಸರಿಯಿತು,
'ಬೀಳ್ತದೆ ಕಣವ್ವ' ಅಂದಳು ಓಬಳಮ್ಮ.

ಶಶಿರೇಖಾ ಎದ್ದು ನಿಂತಳು, ಸರದಿ ಬಂದವಳ ಹಾಗೆ,
ಸೆರಗು ಸರಿಮಾಡಿಕೊಂಡು, ಬೋರ್ಡು ನೋಡುತ್ತ:
'ಐ ವಿಲ್ ನಾಟ್ ಪಿಕ್…'
ಒಂದು ಕ್ಷಣ ತಡವರಿಸಿ
'…ಇಟ್ ಅಪ್.'

ಸರಿ ಅಂದೆ.
ಚಿಕ್ಕದು ನಡುವೆಯೇ ಕೂತಿತ್ತು, ಬಿದ್ದಿರಲಿಲ್ಲ.